ಗೋಣಿಕೊಪ್ಪ ಹತ್ತಿರದ ಹೊಸ ಮನೆಗೆ ಎಷ್ಟು ಕಿಲೋವ್ಯಾಟ್? ಒಂದು ಪ್ರಕರಣ

ಮನೆಗೆ ಆರ್‌ಸಿಸಿ ಹಾಕಿ ಆಗಿತ್ತು. ವೈರಿಂಗ್ ಪೈಪುಗಳೂ ಗೋಡೆಯೊಳಗೆ ಹೋಗಿದ್ದವು. ಆದರೆ ಕರೆಂಟಿಗೆ ಅರ್ಜಿ ಹಾಕುವಾಗ ಲೋಡ್, ಅಂದರೆ ಮನೆ ಒಟ್ಟಿಗೆ ಎಳೆಯುವ ಕರೆಂಟ್, ಎಷ್ಟು ಅಂತ ಬರೆಯಬೇಕು ಅನ್ನೋದು ಮಾತ್ರ ತೀರ್ಮಾನ ಆಗಿರಲಿಲ್ಲ. ಮನೆ ಕಟ್ಟಿಸುತ್ತಿದ್ದ ಅಪ್ಪ ಹೇಳಿದ್ದು 3 ಕಿಲೋವ್ಯಾಟ್, ಸಿಂಗಲ್ ಫೇಸ್, ಅಂದರೆ ಕರೆಂಟ್ ತರುವ ತಂತಿ ಒಂದೇ. ಮಗ ಹೇಳಿದ್ದು 15 ಕಿಲೋವ್ಯಾಟ್, ತ್ರೀ ಫೇಸ್, ಅಂದರೆ ಅಂಥ ತಂತಿ ಮೂರು. ಆಗ ನನ್ನನ್ನು ಕರೆಸಿದರು.

ನಾನು ಈ ಕಡೆ ಇಪ್ಪತ್ತು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡಿಸುತ್ತಿರುವ ಗುತ್ತಿಗೆದಾರ. ಈ ಒಂದು ಮನೆಯ ಲೆಕ್ಕವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಪೇಟೆಯ ಮನೆಗೆ ಮಾಡುವ ಲೆಕ್ಕವನ್ನೇ ನಮ್ಮ ತೋಟದ ಮನೆಗಳಿಗೂ ಮಾಡುತ್ತಾರೆ. ಆಮೇಲೆ ಮಳೆಗಾಲದಲ್ಲಿ ಮೋಟಾರು ಸುಟ್ಟಿತು, ಗೀಸರ್ ಕಾಯುವುದಿಲ್ಲ ಅಂತ ಫೋನ್ ಮಾಡುತ್ತಾರೆ. ಇಲ್ಲಿ ಪ್ರಶ್ನೆ ಮನೆಯಲ್ಲಿ ಎಷ್ಟು ಸಾಮಾನು ಇದೆ ಅನ್ನೋದಷ್ಟೇ ಅಲ್ಲ. ಜುಲೈ ತಿಂಗಳಲ್ಲಿ ಬೆಳಿಗ್ಗೆ ಆರೂಮುಕ್ಕಾಲಿಗೆ ಯಾವ್ಯಾವುದು ಒಟ್ಟಿಗೆ ಓಡುತ್ತದೆ, ಕಂಬ ಮನೆಯಿಂದ ಎಷ್ಟು ದೂರ ಇದೆ, ಇವೆರಡನ್ನೂ ನೋಡಬೇಕು.

ಮನೆ ಕೊಡಗಿನ ಗೋಣಿಕೊಪ್ಪದಿಂದ ಒಂಬತ್ತು ಕಿಲೋಮೀಟರ್ ಒಳಗೆ, ನಾಲ್ಕು ಎಕರೆ ಕಾಫಿ ತೋಟದ ನಡುವೆ. ಯಜಮಾನರು ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. ಅವರ ಹೆಂಡತಿ, 82 ವರ್ಷದ ಅವ್ವ, ಇಷ್ಟೇ ಜನ ಯಾವಾಗಲೂ ಇರುವವರು. ಮಗ ಸೊಸೆ ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಬರುತ್ತಾರೆ, ಕೈಲ್ ಮುಹೂರ್ತ, ಪುತ್ತರಿ ಹಬ್ಬಗಳಿಗೆ ತಪ್ಪದೆ ಬರುತ್ತಾರೆ. ಹೊಸ ಮನೆ ಸುಮಾರು 1,900 ಚದರ ಅಡಿ, ಮೂರು ಬಾತ್‌ರೂಮ್. ಪಕ್ಕದಲ್ಲೇ ಹಳೆಯ ಹೆಂಚಿನ ಮನೆ. ಕಟ್ಟುವಷ್ಟು ದಿನವೂ ಅವರೆಲ್ಲ ಅಲ್ಲೇ ಇದ್ದರು.

ಅಪ್ಪನ ವಾದ ಸರಳ. "ಲೋಡ್ ಜಾಸ್ತಿ ಬರೆಸಿದರೆ ಪ್ರತಿ ತಿಂಗಳು ಸುಮ್ನೆ ದುಡ್ಡು ಕಟ್ಟಬೇಕು, ಅಲ್ವಾ?" ಮಾತು ಸುಳ್ಳಲ್ಲ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೂ ನಿಗದಿತ ಶುಲ್ಕ ಇದೆ, ಕರೆಂಟ್ ಬಳಸಲಿ ಬಿಡಲಿ. ಕಿಲೋವ್ಯಾಟಿಗೆ ತಿಂಗಳಿಗೆ 100 ರೂಪಾಯಿ ಅಂತ ಕಡಿಮೆಯಲ್ಲೇ ಹಿಡಿದರೂ 15ಕ್ಕೂ 7ಕ್ಕೂ ವರ್ಷಕ್ಕೆ 9,600 ರೂಪಾಯಿ ವ್ಯತ್ಯಾಸ. ಠೇವಣಿ ಬೇರೆ. ಮಗನ ವಾದವೂ ತಪ್ಪಲ್ಲ. "ಅಂಕಲ್, ಮುಂದೆ ಎಲೆಕ್ಟ್ರಿಕ್ ಕಾರು ಬರುತ್ತದೆ. ಮತ್ತೆ ಗೋಡೆ ಒಡೆಯುವುದು ಬೇಡ."

ನಾನು ಮೊದಲು ಮಾಡಿದ ಕೆಲಸ ಪಟ್ಟಿ ಬರೆದದ್ದು. ದೀಪ ಮತ್ತು ಫ್ಯಾನುಗಳು ಎಲ್ಲಾ ಸೇರಿ 0.8 ಕಿಲೋವ್ಯಾಟ್. ಮೂರು ಬಾತ್‌ರೂಮಿಗೆ 3 ಕಿಲೋವ್ಯಾಟಿನ ಮೂರು ಗೀಸರ್, ಅಲ್ಲಿಗೇ 9. ಇಂಡಕ್ಷನ್ ಒಲೆ 2, ಮೈಕ್ರೋವೇವ್ 1.3, ವಾಷಿಂಗ್ ಮೆಷಿನ್ 2, ಬಟ್ಟೆ ಒಣಗಿಸುವ ಡ್ರೈಯರ್ 2.2. ಇಸ್ತ್ರಿ ಪೆಟ್ಟಿಗೆ 1, ಮಿಕ್ಸಿ 0.75, ಫ್ರಿಜ್ 0.2, ಟಿವಿ ಕಂಪ್ಯೂಟರ್ 0.3, ರೂಮ್ ಹೀಟರ್ 2. ಒಂದೂವರೆ ಎಚ್‌ಪಿ ಪಂಪ್ ಎಳೆಯುವುದು ಸುಮಾರು 1.6. ಮುಂದೆ ಕಾರು ಬಂದರೆ ಸಾಮಾನ್ಯ ಚಾರ್ಜರಿಗೆ 3.3. ಒಟ್ಟು 26 ಕಿಲೋವ್ಯಾಟ್ ಚಿಲ್ಲರೆ. ಇದನ್ನು ನೋಡಿ ಯಜಮಾನರು ಕನ್ನಡಕ ತೆಗೆದಿಟ್ಟರು. ಮಗ ಹೇಳಿದ್ದ 15 ಕೂಡ ಸಾಲದಲ್ಲ ಅಂತ ಅವರಿಗೆ ಗಾಬರಿ.

ಈ ಒಟ್ಟು ಮೊತ್ತ ಹೆದರಿಸುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ಯಾರೂ ಇಸ್ತ್ರಿ ಮಾಡುತ್ತಾ ಮೂರು ಗೀಸರ್ ಹಾಕಿ ಕಾರು ಚಾರ್ಜ್ ಮಾಡುತ್ತಾ ಕೂರುವುದಿಲ್ಲ. ಹಾಗಾಗಿ ಹಳೆಯ ಮನೆಯಲ್ಲಿ ಒಂದು ಬೆಳಿಗ್ಗೆ ಅಳೆದು ನೋಡೋಣ ಅಂದೆ. ಜುಲೈ ಎರಡನೇ ವಾರ. ಮೂರು ದಿನದಿಂದ ಬಿಡದೆ ಮಳೆ. ಬೆಳಿಗ್ಗೆ ಐದೂವರೆಗೆ ನಾನು, ನನ್ನ ಹುಡುಗ ಅಲ್ಲಿ ಹೋಗಿ ಮೀಟರ್ ಬೋರ್ಡಿನ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತೆವು. ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಫೇಸ್ ವೈರಿಗೆ ಹಾಕಿಟ್ಟೆ. ಇನ್ನೊಂದು ಮೀಟರಿನಲ್ಲಿ ವೋಲ್ಟೇಜ್.

ಐದೂವರೆಗೆ 231 ವೋಲ್ಟ್. ಮನೆಯಲ್ಲಿ ಒಂದು ದೀಪ, ಫ್ರಿಜ್, ಅಷ್ಟೇ. ಆರು ಗಂಟೆಗೆ ಅವ್ವನ ಸ್ನಾನಕ್ಕೆ ಗೀಸರ್ ಹಾಕಿದರು. ಸುತ್ತಲಿನ ಮನೆಗಳಲ್ಲೂ ಅದೇ ಹೊತ್ತು. ಆರೂವರೆಗೆ ಟ್ಯಾಂಕ್ ಖಾಲಿ ಅಂತ ಪಂಪ್ ಹಾಕಿದರು. ಆರೂಮುಕ್ಕಾಲಿಗೆ ಕ್ಲ್ಯಾಂಪ್ ಮೀಟರ್ 21 ಆಂಪಿಯರ್ ತೋರಿಸುತ್ತಿತ್ತು, ವೋಲ್ಟೇಜ್ 199. ದೀಪ ಮಂಕಾದದ್ದು ಕಣ್ಣಿಗೇ ಕಾಣುತ್ತಿತ್ತು. ಪಂಪಿನ ದನಿ ಭಾರವಾಯಿತು. ಅಷ್ಟರಲ್ಲಿ ಕಂಬದ ಬುಡಕ್ಕೆ ಕಳಿಸಿದ್ದ ಹುಡುಗ ಫೋನ್ ಮಾಡಿ ಹೇಳಿದ, "ಇಲ್ಲಿ 216 ಇದೆ ಅಣ್ಣ."

ಈ ಎರಡು ಸಂಖ್ಯೆಗಳ ನಡುವೆಯೇ ವಿಷಯ ಇದ್ದದ್ದು. 230 ವೋಲ್ಟಿಗೆ ಶೇಕಡಾ 6 ಹೆಚ್ಚು ಕಡಿಮೆ ಆಗಬಹುದು ಅನ್ನೋದು ನಿಯಮ. ಅಂದರೆ ಕೆಳಗಿನ ಮಿತಿ 216. ಕಂಬದವರೆಗೆ ಕರೆಂಟ್ ಮಿತಿಯೊಳಗೇ ಬಂದಿತ್ತು. ಉಳಿದ 17 ವೋಲ್ಟ್ ಹೋದದ್ದು ಕಂಬದಿಂದ ಮನೆಗೆ ಎಳೆದ ವೈರಿನಲ್ಲಿ. ಕಾಫಿ ಗಿಡಗಳ ಮೇಲೆ, ಸಿಲ್ವರ್ ಓಕ್ ಮರಗಳ ನಡುವೆ ಜೋತಾಡುತ್ತಿದ್ದ 130 ಮೀಟರ್ ಅಲ್ಯೂಮಿನಿಯಂ ವೈರ್ ಅದು, 10 ಚದರ ಮಿಲಿಮೀಟರಿನದ್ದು. ಆ ದಪ್ಪದ ಅಲ್ಯೂಮಿನಿಯಂಗೆ ಕಿಲೋಮೀಟರಿಗೆ ಸುಮಾರು 3.08 ಓಮ್ ತಡೆ. ಹೋಗಿ ಬರುವುದು ಸೇರಿ 260 ಮೀಟರಿಗೆ 0.8 ಓಮ್. ಅದರಲ್ಲಿ 21 ಆಂಪಿಯರ್ ಹರಿದರೆ ಸರಿಯಾಗಿ 17 ವೋಲ್ಟ್ ಅಲ್ಲೇ ಕರಗುತ್ತದೆ.

ವೋಲ್ಟೇಜ್ ಇಳಿದಾಗ ಗೀಸರ್ ಒಂದು ರೀತಿ ನಡೆದುಕೊಳ್ಳುತ್ತದೆ, ಮೋಟಾರು ಇನ್ನೊಂದು ರೀತಿ. 3 ಕಿಲೋವ್ಯಾಟ್ ಅಂತ ಬರೆದಿರುವ ಗೀಸರ್ 199 ವೋಲ್ಟಿನಲ್ಲಿ ಕೊಡುವುದು 2.25 ಕಿಲೋವ್ಯಾಟ್ ಮಾತ್ರ. ನೀರು ಕಾಯಲು ಮೂರನೇ ಒಂದು ಪಾಲು ಜಾಸ್ತಿ ಹೊತ್ತು ಬೇಕು. ಮೋಟಾರು ಹಾಗಲ್ಲ. ಅದಕ್ಕೆ ನೀರೆತ್ತುವ ಕೆಲಸ ಅಷ್ಟೇ ಇರುತ್ತದೆ. ವೋಲ್ಟೇಜ್ ಇಳಿದಷ್ಟೂ ಜಾಸ್ತಿ ಆಂಪಿಯರ್ ಎಳೆಯುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಆ ಮನೆಯಲ್ಲಿ ನಾಲ್ಕು ವರ್ಷದಲ್ಲಿ ಎರಡು ಸಲ ಪಂಪ್ ರೀವೈಂಡ್ ಮಾಡಿಸಿದ್ದರು. ಪಂಪ್ ಕಂಪನಿ ಸರಿ ಇಲ್ಲ ಅಂತಲೇ ಅವರು ಅಂದುಕೊಂಡಿದ್ದರು.

ಆಮೇಲೆ ಹೋಗಿ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್ ನೋಡಿದೆ. ತಗಡಿನ ಮೇಲೆ ಅದರ ಸಾಮರ್ಥ್ಯ 25 ಕೆ.ವಿ.ಎ. ಅಂತ ಇತ್ತು. ಅದರಿಂದ ಹದಿನಾಲ್ಕು ಮನೆಗೆ ಕರೆಂಟ್. 25 ಕೆ.ವಿ.ಎ. ಅಂದರೆ ಒಂದು ಫೇಸಿಗೆ ಸಿಗುವುದು ಸುಮಾರು 33 ಆಂಪಿಯರ್. ನಮ್ಮ ಮನೆಯ ಎರಡು ಗೀಸರ್ ಮತ್ತು ಇಂಡಕ್ಷನ್ ಒಲೆ ಒಂದೇ ಫೇಸಿನಲ್ಲಿ ಕೂತರೆ ಆ ಫೇಸನ್ನು ಪೂರ್ತಿ ನಾವೇ ನುಂಗಿದ ಹಾಗೆ. ಅದೇ ಫೇಸಿನಲ್ಲಿರುವ ನಾಲ್ಕೈದು ಮನೆಯವರು ಏನು ಮಾಡಬೇಕು? ಇದನ್ನು ನಾನು ಯಾವಾಗಲೂ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಲೋಡ್ ನಮ್ಮ ಮನೆಯ ವಿಷಯ ಮಾತ್ರ ಅಲ್ಲ. ಹಾಗೆಯೇ 15 ಕಿಲೋವ್ಯಾಟ್ ಅರ್ಜಿ ಹಾಕಿದರೆ ಈ ಟಿ.ಸಿ. ಸಾಲದು ಅನ್ನುವ ಮಾತು ಬರುತ್ತದೆ. ಎಸ್ಟಿಮೇಟ್ ಆಗಬೇಕು, ದೊಡ್ಡ ಟಿ.ಸಿ. ಬರಬೇಕು, ಗೃಹಪ್ರವೇಶ ಮುಂದೆ ಹೋಗಬೇಕು.

ಈಗ ಹೊಸ ಮನೆಗೆ ಬರೋಣ. ಪಟ್ಟಿಯ ಪ್ರಕಾರವೇ ಹೋದರೆ ಜುಲೈ ಬೆಳಿಗ್ಗೆ ಎರಡು ಗೀಸರ್ 6, ಇಂಡಕ್ಷನ್ 2, ಪಂಪ್ 1.6, ದೀಪ ಫ್ರಿಜ್ ಎಲ್ಲಾ 0.8. ಒಟ್ಟು 10.4 ಕಿಲೋವ್ಯಾಟ್. ಇದನ್ನು ಕಡಿಮೆ ಮಾಡಲು ಯಾರೂ ಕಷ್ಟಪಡಬೇಕಾಗಿಲ್ಲ ಅಂತ ತೋರಿಸಲು ಅವರ ಊಟದ ಮೇಜಿನ ಮೇಲೇ ಲೆಕ್ಕ ಹಾಕಿದೆ.

ಮೊದಲು ಗೀಸರ್. 25 ಲೀಟರ್ ನೀರನ್ನು 18 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಬೇಕಾಗುವುದು ಒಂದು ಯೂನಿಟಿಗಿಂತ ಸ್ವಲ್ಪ ಜಾಸ್ತಿ. ಗೀಸರ್ 2 ಕಿಲೋವ್ಯಾಟಿನದ್ದಾದರೂ 3 ಕಿಲೋವ್ಯಾಟಿನದ್ದಾದರೂ ಯೂನಿಟ್ ಅಷ್ಟೇ. ಬದಲಾಗುವುದು ಸಮಯ. 3 ಕಿಲೋವ್ಯಾಟಿನದ್ದು 22 ನಿಮಿಷದಲ್ಲಿ ಕಾಯಿಸಿದರೆ 2 ಕಿಲೋವ್ಯಾಟಿನದ್ದು 32 ನಿಮಿಷ ತೆಗೆದುಕೊಳ್ಳುತ್ತದೆ. ಹತ್ತು ನಿಮಿಷ ಮೊದಲು ಸ್ವಿಚ್ ಹಾಕಿದರೆ ಮುಗಿಯಿತು. ಈ ಹತ್ತು ನಿಮಿಷಕ್ಕಾಗಿ ಪ್ರತಿ ಗೀಸರಿಗೂ ಒಂದು ಕಿಲೋವ್ಯಾಟ್ ಜಾಸ್ತಿ ಬರೆಸುವುದು ಯಾಕೆ? 2 ಕಿಲೋವ್ಯಾಟಿನ, 25 ಲೀಟರಿನ ಎರಡು ಗೀಸರ್ ಅಂತ ಆಯಿತು.

ಮೂರನೆಯದಕ್ಕೆ ಅವ್ವನೇ ತೀರ್ಪು ಕೊಟ್ಟರು. "ಹಂಡೆ ಒಲೆ ಇರಲಿ ಮಗ. ತೋಟದಲ್ಲಿ ಸೌದೆ ಕೊಳೀತಾ ಇದೆ." ಮರ ಕಪಾತು ಮಾಡಿದ ಸೌದೆ ಪ್ರತಿ ವರ್ಷ ರಾಶಿ ಬೀಳುತ್ತದೆ. ಕರೆಂಟ್ ಇಲ್ಲದ ದಿನವೂ ಬಿಸಿನೀರು ಸಿಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದು ನಮಗೆ ಹೊಸದಲ್ಲವಲ್ಲ. ಹೊರಗಿನ ಬಚ್ಚಲಿನಲ್ಲಿ ಹಂಡೆ ಉಳಿಯಿತು.

ಪಂಪನ್ನು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಸರಿಸಿದೆವು. 1,000 ಲೀಟರ್ ಟ್ಯಾಂಕ್ ಬದಲು 2,000 ಲೀಟರಿನದ್ದು, ಜೊತೆಗೆ ಟೈಮರ್ ಮತ್ತು ಫ್ಲೋಟ್ ಸ್ವಿಚ್. ಎರಡು ಗಂಟೆಗೆ ಊರಿನ ಲೋಡೆಲ್ಲ ಇಳಿದಿರುತ್ತದೆ, ವೋಲ್ಟೇಜ್ ಚೆನ್ನಾಗಿರುತ್ತದೆ. ಕಾರು ಬಂದ ಮೇಲೆ ಅದು ರಾತ್ರಿ ಹನ್ನೊಂದರ ನಂತರ. ಇಷ್ಟಾದ ಮೇಲೆ ಬೆಳಗಿನ ಲೆಕ್ಕ 4 ಮತ್ತು 2 ಮತ್ತು 0.8. ಒಟ್ಟು 6.8. ಅರ್ಜಿಯಲ್ಲಿ 7 ಕಿಲೋವ್ಯಾಟ್ ಅಂತ ಬರೆದೆವು. ತ್ರೀ ಫೇಸ್.

7 ಕಿಲೋವ್ಯಾಟಿಗೆ ತ್ರೀ ಫೇಸ್ ಯಾಕೆ ಅಂತ ಯಜಮಾನರು ಎರಡು ಸಲ ಕೇಳಿದರು. ಉತ್ತರ ಆ 130 ಮೀಟರಿನಲ್ಲಿತ್ತು. ಸಿಂಗಲ್ ಫೇಸಿನಲ್ಲಿ ಇಷ್ಟು ಲೋಡ್ ಅಂದರೆ 30 ಆಂಪಿಯರ್. 16 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್ ಹಾಕಿದರೂ ಹೋಗಿ ಬರುವ ದಾರಿಯಲ್ಲಿ 15 ವೋಲ್ಟ್ ಇಳಿಯುತ್ತದೆ. ಅದೇ ಲೋಡನ್ನು ಮೂರು ಫೇಸಿಗೆ ಸಮನಾಗಿ ಹಂಚಿದರೆ ಒಂದೊಂದರಲ್ಲಿ 10 ಆಂಪಿಯರ್. ಸಮನಾಗಿದ್ದಾಗ ಕರೆಂಟ್ ವಾಪಸ್ ಹೋಗುವ ತಂತಿಯಾದ ನ್ಯೂಟ್ರಲ್‌ನಲ್ಲಿ ಏನೂ ಹರಿಯುವುದಿಲ್ಲ. ಹಾಗಾಗಿ ಇಳಿಯುವುದು ಎರಡೂವರೆ ವೋಲ್ಟ್, ಅಂದರೆ ಆರನೇ ಒಂದು ಪಾಲು. ಮನೆಯಲ್ಲಿ ಲೋಡ್ ಯಾವತ್ತೂ ಅಷ್ಟು ಸಮ ಇರುವುದಿಲ್ಲ, ನಿಜ. ಆದರೂ ಲಾಭ ದೊಡ್ಡದು. ಟಿ.ಸಿ.ಯ ಒಂದೇ ಫೇಸಿನ ಮೇಲೆ ಭಾರ ಬೀಳುವುದೂ ತಪ್ಪುತ್ತದೆ.

ಕೇಬಲನ್ನು ನೆಲದಡಿ ತಂದೆವು. ನಾಲ್ಕು ಕೋರಿನ ಆರ್ಮರ್ಡ್ ಕೇಬಲ್, ಎರಡೂವರೆ ಅಡಿ ಆಳದ ಕಾಲುವೆ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ. ಕಾಲುವೆ ತೋಡುವಾಗ ಕಾಫಿ ಬೇರು ಕಡಿಯದ ಹಾಗೆ ದಾರಿಯ ಅಂಚಿನಲ್ಲೇ ಬಂದೆವು. ಅದಕ್ಕೆ ಹನ್ನೆರಡು ಮೀಟರ್ ಕೇಬಲ್ ಜಾಸ್ತಿ ಹಿಡಿಯಿತು. ಆ ಖರ್ಚು ಬೇಕಾಗಿತ್ತು. ಗಾಳಿ ಮಳೆಗೆ ಕೊಂಬೆ ಬಿದ್ದು ಸರ್ವಿಸ್ ವೈರ್ ಹರಿಯುವ ಕಾಟ ಅಲ್ಲಿಗೆ ಮುಗಿಯಿತು.

ಮನೆಯೊಳಗೆ ಮಾತ್ರ ನಾನು ಮಗನ ಮಾತು ಕೇಳಿದೆ. ಮಂಜೂರಾತಿಯ ಲೋಡನ್ನು ನಾಳೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಗೋಡೆಯೊಳಗಿನ ವೈರನ್ನು ಹಾಗೆ ಹೆಚ್ಚಿಸಲು ಆಗುವುದಿಲ್ಲ. ಗೀಸರ್ ಪಾಯಿಂಟುಗಳಿಗೆ, ಇಂಡಕ್ಷನ್‌ಗೆ 4 ಚದರ ಮಿಲಿಮೀಟರಿನ ತಾಮ್ರದ ವೈರ್, ಪ್ರತಿಯೊಂದಕ್ಕೂ ಬೇರೆ ಎಂ.ಸಿ.ಬಿ., ಅಂದರೆ ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್. ಕಾರು ನಿಲ್ಲಿಸುವ ಕಡೆಗೆ 6 ಚದರ ಮಿಲಿಮೀಟರಿನ ವೈರ್ ಎಳೆದು, ತುದಿ ಮುಚ್ಚಿ ಇಟ್ಟೆ.

ಮನೆಗೆಲ್ಲ ಕರೆಂಟ್ ಹಂಚುವ ಡಿ.ಬಿ. ಬಾಕ್ಸಿನಲ್ಲಿ ಮೂರು ಫೇಸಿಗೂ ಸೇರಿಸಿ ಒಂದೇ ಆರ್.ಸಿ.ಸಿ.ಬಿ., ಅಂದರೆ ಕರೆಂಟ್ ಲೀಕ್ ಆದರೆ ಕಡಿತ ಮಾಡುವ ಸ್ವಿಚ್, ಹಾಕುವುದು ಅಗ್ಗ. ನಾನು ಫೇಸಿಗೊಂದರಂತೆ ಮೂರು ಹಾಕಿದೆ, 30 ಮಿಲಿ ಆಂಪಿಯರಿನದ್ದು. ನಮ್ಮ ಮಳೆಯಲ್ಲಿ ಅಂಗಳದ ದೀಪಕ್ಕೆ ನೀರು ಹೋಗಿ ಲೀಕ್ ಆಗುವುದು ಸಾಮಾನ್ಯ. ಒಂದೇ ಇದ್ದರೆ ನಡುರಾತ್ರಿ ಇಡೀ ಮನೆ ಕತ್ತಲೆ. ಮೂರಿದ್ದರೆ ಒಂದು ಭಾಗ ಮಾತ್ರ. ಜೊತೆಗೆ ವೋಲ್ಟೇಜ್ ಏರಿದರೆ ಇಳಿದರೆ ಕಡಿತ ಮಾಡುವ ಪ್ರೊಟೆಕ್ಟರ್ ಹಾಕಿದೆ. ಲೈನಿನ ಮೇಲೆ ಕೊಂಬೆ ಬಿದ್ದು ನ್ಯೂಟ್ರಲ್ ಕಟ್ಟಾದರೆ ತ್ರೀ ಫೇಸ್ ಮನೆಗೆ 230ರ ಬದಲು 300, 350 ವೋಲ್ಟ್ ಕೂಡ ಬರಬಹುದು. ಒಂದು ನಿಮಿಷದಲ್ಲಿ ಫ್ರಿಜ್, ಟಿವಿ ಎಲ್ಲ ಹೋಗುತ್ತವೆ. ತ್ರೀ ಫೇಸ್ ತೆಗೆದುಕೊಂಡು ಇದನ್ನು ಹಾಕಿಸದೆ ಇರುವುದು ತಪ್ಪು.

ಅರ್ಥಿಂಗ್ ಎರಡು ಗುಂಡಿ. ಅದನ್ನು ಆಗಸ್ಟಿನಲ್ಲಿ ಅಳೆದು ಚೆನ್ನಾಗಿದೆ ಅಂತ ಬಿಡಬಾರದು. ನೆನೆದ ಮಣ್ಣಿನಲ್ಲಿ ಎಲ್ಲಾ ಅರ್ಥಿಂಗೂ ಚೆನ್ನಾಗಿಯೇ ಕಾಣುತ್ತದೆ. ಈ ಮನೆಯಲ್ಲಿ ಮಳೆಯಲ್ಲಿ 3 ಓಮ್ ಇದ್ದದ್ದು ಮಾರ್ಚಿನಲ್ಲಿ 9ಕ್ಕೆ ಹೋಗಿತ್ತು. ಏಪ್ರಿಲ್ ಸಿಡಿಲಿಗೆ ಮೊದಲು ಮೂರನೇ ಗುಂಡಿ ತೆಗೆಸಿದೆ.

ಇನ್ವರ್ಟರಿಗೆ ದೀಪ, ಫ್ಯಾನ್, ಟಿವಿ, ವೈಫೈ ಮಾತ್ರ ಕೊಟ್ಟೆ. 150 ಎ.ಎಚ್. ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ ಇದ್ದರೂ ಕೈಗೆ ಸಿಗುವುದು 1,200ರಷ್ಟು. 120 ವ್ಯಾಟ್ ಬಳಸಿದರೆ ಹತ್ತು ಗಂಟೆ. ಮಗ ಸೋಲಾರ್ ಕೇಳಿದ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಗ್ರಿಡ್‌ಗೆ ಜೋಡಿಸಿದ ಬರೀ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಸುತ್ತಲೂ ಮರದ ನೆರಳು ಬೇರೆ. ಸದ್ಯಕ್ಕೆ ಬೇಡ ಅಂತ ನಾನೇ ಹೇಳಿದೆ.

ಉಚಿತ ಕರೆಂಟಿನ ಗೃಹಜ್ಯೋತಿ ತಪ್ಪಿಹೋಗುತ್ತದಾ ಅಂತ ಯಜಮಾನರ ಹೆಂಡತಿಗೆ ಚಿಂತೆ ಇತ್ತು. ಅದು ನೋಡುವುದು ಯೂನಿಟನ್ನು. ಎಷ್ಟು ಕಿಲೋವ್ಯಾಟ್, ಯಾವ ಫೇಸ್ ಅನ್ನೋದರ ಮೇಲೆ ಅದು ನಿಂತಿಲ್ಲ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಒಂದು ಬಕೆಟ್ ಬಿಸಿನೀರಿಗೆ ಅರ್ಧ ಯೂನಿಟ್ ಹೋಗುತ್ತದೆ ಅಂದ ಮೇಲೆ ಹಂಡೆ ಒಲೆಯ ಬೆಲೆ ಅವರಿಗೆ ಇನ್ನೂ ಚೆನ್ನಾಗಿ ಗೊತ್ತಾಯಿತು.

ಫೆಬ್ರವರಿಯಲ್ಲಿ ಗೃಹಪ್ರವೇಶ ಆಯಿತು. ಮೊದಲ ಮಳೆಗಾಲದಲ್ಲಿ ಒಂದು ತೊಂದರೆ ಬಂತು. ಅವ್ವನ ಕೋಣೆ, ಅವರ ಗೀಸರ್ ಎರಡನ್ನೂ ನಾನು ಒಂದೇ ಫೇಸಿಗೆ ಕೊಟ್ಟಿದ್ದೆ. ಅವರು ಬೆಳಿಗ್ಗೆ ಚಳಿಗೆ ರೂಮ್ ಹೀಟರ್ ಹಾಕಿಕೊಂಡೇ ಸ್ನಾನಕ್ಕೆ ಹೋಗುತ್ತಾರೆ ಅನ್ನೋದನ್ನು ನಾನು ಕೇಳಿರಲಿಲ್ಲ. ಒಂದು ಫೇಸಿನಲ್ಲಿ 18 ಆಂಪಿಯರ್, ಉಳಿದ ಎರಡು ಹೆಚ್ಚುಕಡಿಮೆ ಖಾಲಿ. ಆ ಕೋಣೆಯ ದೀಪ ಮಿಣುಕುತ್ತಿತ್ತು. ಹೀಟರಿನ ಪ್ಲಗ್ಗಿಗೆ ಬೇರೆ ಫೇಸ್ ತಂದರೆ ಸುಲಭ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಂದೇ ಕೋಣೆಯಲ್ಲಿ, ಕೈಗೆಟುಕುವ ಎರಡು ಪ್ಲಗ್ಗಿನಲ್ಲಿ ಎರಡು ಫೇಸ್ ಇರಕೂಡದು. ಅವೆರಡರ ನಡುವೆ 400 ವೋಲ್ಟ್ ಇರುತ್ತದೆ. ಹಾಗಾಗಿ ಗೀಸರುಗಳನ್ನೇ ಅದಲು ಬದಲು ಮಾಡಿದೆವು. ಮೇಲಿನ ಮಹಡಿಯ ಗೀಸರ್ ಅವ್ವನ ಫೇಸಿಗೆ, ಅವ್ವನದು ಮೇಲಿನ ಮಹಡಿಯ ಫೇಸಿಗೆ. ಮೇಲಿನವರು ಸ್ನಾನ ಮಾಡುವುದು ಏಳೂವರೆಯ ನಂತರ. ಅಷ್ಟೊತ್ತಿಗೆ ಹೀಟರ್ ಆಫ್ ಆಗಿರುತ್ತದೆ.

ಕೆಲಸ ಹತ್ತು ನಿಮಿಷದ್ದು. ಹುಡುಗ ಫೇಸ್ ವೈರುಗಳನ್ನು ಮಾತ್ರ ಬದಲಿಸಿ ನ್ಯೂಟ್ರಲ್ ಹಳೆಯ ಕಡೆಯೇ ಬಿಟ್ಟಿದ್ದ. ಗೀಸರ್ ಹಾಕಿದ ಕ್ಷಣವೇ ಟಪ್ ಅಂತ ಆರ್.ಸಿ.ಸಿ.ಬಿ. ಬಿತ್ತು. ಹೋದ ಕರೆಂಟ್ ಅದೇ ಆರ್.ಸಿ.ಸಿ.ಬಿ. ಮೂಲಕ ವಾಪಸ್ ಬರದಿದ್ದರೆ ಅದು ಲೀಕ್ ಅಂತಲೇ ತಿಳಿಯುತ್ತದೆ. ನ್ಯೂಟ್ರಲ್ ಕೂಡ ಬದಲಿಸಿದ ಮೇಲೆ ಸರಿಹೋಯಿತು.

ಅದೇ ಜುಲೈನಲ್ಲಿ ಗಾಳಿಗೆ ಒಂದು ಫೇಸ್ ಹೋಗಿ ಒಂದೂವರೆ ದಿನ ಬರಲಿಲ್ಲ. ಅಡುಗೆಮನೆ ಆ ಫೇಸಿನಲ್ಲಿತ್ತು. ಫೇಸ್ ಬದಲಿಸುವ ಸ್ವಿಚ್ ತಿರುಗಿಸಿ ಫ್ರಿಜ್, ದೀಪ ಬೇರೆ ಫೇಸಿಗೆ ತಂದುಕೊಂಡರು. ಇಂಡಕ್ಷನ್ ಹಾಕಲಿಲ್ಲ, ಗ್ಯಾಸ್ ಇತ್ತು. ಪಂಪನ್ನು ಸಿಂಗಲ್ ಫೇಸಿನದ್ದೇ ಉಳಿಸಿಕೊಂಡದ್ದು ಅವತ್ತು ಒಳ್ಳೆಯದಾಯಿತು. ಮೂರು ಫೇಸಿನ ಪಂಪ್ ಇದ್ದಿದ್ದರೆ ನೀರೂ ನಿಲ್ಲುತ್ತಿತ್ತು.

ಆ ತಿಂಗಳ ಬಿಲ್ ಬಂದಾಗ ಮೀಟರಿನಲ್ಲಿ ಎಂ.ಡಿ. ನೋಡಿದೆವು. ಒಂದು ತಿಂಗಳಲ್ಲಿ ಒಟ್ಟಿಗೆ ಎಳೆದ ಅತಿ ಹೆಚ್ಚಿನ ಲೋಡ್ ಅದು. ಪಂಪ್ ಶುರುವಾಗುವ ಕ್ಷಣದ ಏರಿಕೆ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಾಲು ಗಂಟೆ ಅರ್ಧ ಗಂಟೆಯ ಸರಾಸರಿ ಹಿಡಿಯುತ್ತಾರೆ. ಅಲ್ಲಿ 6.2 ಅಂತ ಇತ್ತು. 3 ಕಿಲೋವ್ಯಾಟ್ ಬರೆಸಿದ್ದರೆ ಎರಡು ಪಟ್ಟು ಮೀರಿದ್ದಕ್ಕೆ ನೋಟಿಸ್ ಬರುತ್ತಿತ್ತು. 15 ಬರೆಸಿದ್ದರೆ ಅರ್ಧಕ್ಕಿಂತ ಜಾಸ್ತಿ ಯಾವತ್ತೂ ಬಳಸದ್ದಕ್ಕೆ ದುಡ್ಡು ಕಟ್ಟುತ್ತಿದ್ದರು.

ಹಳೆಯ ಮನೆಯಲ್ಲಿ ಈಗ ತೋಟದ ಕೆಲಸದ ಒಂದು ಕುಟುಂಬ ಇದೆ. ಅದೇ ಜೋತಾಡುವ ವೈರ್, ಅದೇ ಬೋರ್ಡ್. ಎಂ.ಡಿ. ನೋಡಲು ಹೋದ ಆ ಬೆಳಿಗ್ಗೆ ಆರೂಮುಕ್ಕಾಲಿಗೆ ಅಲ್ಲೂ ಒಮ್ಮೆ ಮೀಟರ್ ಹಿಡಿದೆ. ಕಂಬದ ಹತ್ತಿರ 221, ಒಳಗೆ 216. ಒಲೆಯ ಪಕ್ಕದಲ್ಲಿ ಅವರ ಕೆಟಲ್ ಕುದಿಯುತ್ತಿತ್ತು.